ಮದುವೆ ಕ್ಯಾಸೆಟ್ಟನ್ನು ಮೊದಲು ಮೂಸಿ ನೋಡಿ, ಆಮೇಲೆ ವಿಸಿಆರ್‌ಗೆ ಹಾಕಿ

ಕಾಸರಗೋಡಿನ ನೀರ್ಚಾಲಿನ ಅತ್ತೆಯ ಮನೆಯಲ್ಲಿ ನಡೆದ ಕಥೆ ಇದು. ಕಬ್ಬಿಣದ ಕಪಾಟಿನ ತಳದಲ್ಲಿ, ಹಳೇ ಸೀರೆಗಳ ಅಡಿಯಲ್ಲಿ, ಅವರ ಮದುವೆಯ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಸಿಕ್ಕಿತು. 1991ರದ್ದು. ಬಾವನಿಗೆ ಎಲ್ಲಿಲ್ಲದ ಉತ್ಸಾಹ. ಉಪ್ಪಳದಲ್ಲಿ ಯಾರದ್ದೋ ಮನೆಯ ಅಟ್ಟದಲ್ಲಿ ಬಿದ್ದಿದ್ದ, ಗಲ್ಫಿನಿಂದ ಬಂದ ವಿಸಿಪಿಯನ್ನು, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರವನ್ನು, ತಂದು, ಮೇಲಿನ ಧೂಳು ಒರೆಸಿ, ಕ್ಯಾಸೆಟ್ಟನ್ನು ಸೀದಾ ಒಳಗೆ ತಳ್ಳಿದರು. ಒಂದು ನಿಮಿಷ ಚಿತ್ರ ಬಂತು. ದಿಬ್ಬಣ ಅಂಗಳಕ್ಕೆ ಇಳಿಯುವಷ್ಟರಲ್ಲಿ ಕರಕರ ಸದ್ದು. ಹೊರಗೆ ಎಳೆದರೆ ಟೇಪು ಸೇಮಿಗೆಯ ಹಾಗೆ ಯಂತ್ರದೊಳಗೆ ಸುತ್ತಿಕೊಂಡಿತ್ತು.

"ಅದರಲ್ಲಿ ಅಪ್ಪ ನಡೆದುಕೊಂಡು ಬರುವುದು ಉಂಟಲ್ವಾ ಮಗಾ" ಎಂದು ಅತ್ತೆ ನನ್ನನ್ನು ನೋಡಿದರು.

ಮನೆಯವರ, ನೆಂಟರ ಮೂವತ್ತು ಚಿಲ್ಲರೆ ಕ್ಯಾಸೆಟ್ಟುಗಳನ್ನು ನಾನು ಕಂಪ್ಯೂಟರಿಗೆ ಇಳಿಸಿದ್ದೇನೆ. ಕೆಟ್ಟದ್ದೆಲ್ಲ ಕೆಟ್ಟದ್ದು ಒಂದೇ ಜಾಗದಲ್ಲಿ: ಬೂಷ್ಟು ನೋಡದೆ ಯಂತ್ರಕ್ಕೆ ಹಾಕಿದಾಗ. ಕಾಸರಗೋಡಿನ ಮಳೆಗೆ ಹೊಸ ಚಪ್ಪಲಿಗೇ ಎರಡು ವಾರದಲ್ಲಿ ಬೂಷ್ಟು ಬರುತ್ತದೆ. ಮೂವತ್ತು ಮಳೆಗಾಲ ಕಂಡ ಕ್ಯಾಸೆಟ್ಟಿಗೆ ಬಾರದೆ ಇರುತ್ತದಾ?

ಮೊದಲಿಗೆ, ಇರುವುದು ಏನು?

ದೊಡ್ಡ ಕಪ್ಪು ಪೆಟ್ಟಿಗೆ ಅಂದರೆ ವಿಎಚ್‌ಎಸ್. ಅಂಗೈಯಷ್ಟು ಚಿಕ್ಕದಾದರೆ ವಿಡಿಯೋ-8, ಹೈ-8 ಅಥವಾ ಮಿನಿ ಡಿವಿ. ಮಿನಿ ಡಿವಿ ನಿಮ್ಮ ಅದೃಷ್ಟ. ಅದು ಮೊದಲೇ ಡಿಜಿಟಲ್. ಕ್ಯಾಮರಾದಿಂದ ಫೈರ್‌ವೈರ್ ಕೇಬಲಿನಲ್ಲಿ ನಕಲು ಮಾಡಿದರೆ ಮುಗಿಯಿತು, ಗಂಟೆಗೆ ಸುಮಾರು 13 ಜಿಬಿ. ಟಿವಿಗೆ ಚಿತ್ರ ಕೊಡುವ ಹಳದಿ ಪಿನ್ನಿನಲ್ಲಿ ಇಳಿಸಿ ಹಾಳು ಮಾಡಬೇಡಿ.

ವಿಎಚ್‌ಎಸ್‌ನ ಮೇಲೆ ಇ-180 ಎಂದಿದ್ದರೆ ಅದು ಮೂರು ಗಂಟೆಯ ಟೇಪು, ನಮ್ಮ ಟಿವಿಗಳ ಪಾಲ್ ಪದ್ಧತಿಗೆ ಮಾಡಿದ್ದು. ಟಿ-120 ಎಂದಿದ್ದರೆ ಅಮೆರಿಕದ ನೆಂಟರು ಕಳುಹಿಸಿದ್ದಿರಬಹುದು. ಅದರಲ್ಲಿ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ರೆಕಾರ್ಡಿಂಗ್ ಇದ್ದರೆ ಎರಡೂ ಪದ್ಧತಿ ಓದುವ ಯಂತ್ರ ಬೇಕು.

ಇನ್ನು ಕೆಲವು ಮನೆಗಳಲ್ಲಿ ಸಣ್ಣ ಫಿಲ್ಮ್ ರೀಲುಗಳೂ ಇವೆ. ಮುಂಬೈಯಲ್ಲೋ ಆಫ್ರಿಕದಲ್ಲೋ ಇದ್ದವರು ತಂದ ಸೂಪರ್-8. ಕೊಡಕ್ 1965ರಲ್ಲಿ ಹೊರತಂದದ್ದು. 50 ಅಡಿಯ ರೀಲು, ಸೆಕೆಂಡಿಗೆ 18 ಚಿತ್ರದ ವೇಗದಲ್ಲಿ 3 ನಿಮಿಷ 20 ಸೆಕೆಂಡು ಮಾತ್ರ ಓಡುತ್ತದೆ. ಡಬ್ಬಿ ತೆರೆದು ಮೂಸಿ. ವಿನೇಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ಕೆಡತೊಡಗಿದೆ ಎಂದರ್ಥ. ಆ ಹುಳಿ ಪಕ್ಕದ ರೀಲುಗಳಿಗೂ ಹರಡುತ್ತದೆ, ಇವತ್ತೇ ಬೇರೆ ಇಡಿ. ರೀಲನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡುವವರಿಗೆ ಕೊಡಿ. ಹಳೇ ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟು ಮೊಬೈಲಿನಲ್ಲಿ ಹಿಡಿಯುವ ಬುದ್ಧಿವಂತಿಕೆ ಬೇಡವೇ ಬೇಡ. ಚಿತ್ರ ಮಿಣುಕುತ್ತದೆ, ಕುಗ್ಗಿದ ಫಿಲ್ಮಾದರೆ ಅಂಚಿನ ತೂತುಗಳು ಹರಿಯುತ್ತವೆ, ನಿಂತಲ್ಲೇ ನಿಂತರೆ ದೀಪದ ಬಿಸಿಗೆ ಸುಟ್ಟೂ ಹೋಗುತ್ತದೆ.

ಇನ್ನು ಮುಂದೆ ಹೇಳುವುದೆಲ್ಲ ವಿಎಚ್‌ಎಸ್‌ನ ಬಗ್ಗೆ. ಜಾಸ್ತಿ ಮನೆಗಳಲ್ಲಿರುವುದು ಅದೇ.

ಬೂಷ್ಟು ತೆಗೆಯುವುದು

ಕ್ಯಾಸೆಟ್ಟಿನ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಬದಿ ಕನ್ನಡಿಯ ಹಾಗೆ ನಯವಾಗಿ, ಒಂದೇ ಕಪ್ಪಾಗಿ ಇರಬೇಕು. ಬಿಳಿ ಚುಕ್ಕೆ, ಬೂದಿ ಎರಚಿದ ಹಾಗಿನ ಗೆರೆ, ಹತ್ತಿಯ ನೂಲಿನಂಥದ್ದು ಕಂಡರೆ ಅದು ಬೂಷ್ಟು. ಮುಂದಿನ ಮುಚ್ಚಳ ಎತ್ತಿ ಮೂಸಿ. ಮುಗ್ಗಲು ವಾಸನೆ ಬಂದರೆ, ಕಣ್ಣಿಗೆ ಏನೂ ಕಾಣದಿದ್ದರೂ ಅನುಮಾನ ಪಡಿ.

ಯಾಕೆ ಇಷ್ಟು ಹೆದರಬೇಕು? ವಿಸಿಆರ್‌ನ ಒಳಗೆ ಒಂದು ಡ್ರಮ್ ಇದೆ. ಪಾಲ್‌ನಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಟೇಪು ಮಾತ್ರ ಸೆಕೆಂಡಿಗೆ 2.34 ಸೆಂಟಿಮೀಟರಿನಷ್ಟು ನಿಧಾನ ಸರಿಯುತ್ತದೆ. ಟೇಪಿನಿಂದ ಚಿತ್ರ ಓದುವ ಹೆಡ್ಡುಗಳು ಡ್ರಮ್ಮಿನ ಅಂಚಿನಲ್ಲಿವೆ, ತೀರಾ ಸಣ್ಣವು. ಬೂಷ್ಟು ಅಲ್ಲಿ ಹೋಗಿ ಕೂತರೆ ಚಿತ್ರ ಮಾಯ. ಬೂಷ್ಟು ಸುತ್ತುಗಳನ್ನು ಒಂದಕ್ಕೊಂದು ಅಂಟಿಸಿದ್ದರೆ, ಯಂತ್ರ ಎಳೆದಾಗ ಟೇಪು ಹರಿಯುತ್ತದೆ. ಜೊತೆಗೆ ಒಂದು ಕ್ಯಾಸೆಟ್ಟಿನ ರೋಗ ಅದೇ ಯಂತ್ರದಿಂದ ನಿಮ್ಮ ಉಳಿದ ಹತ್ತು ಕ್ಯಾಸೆಟ್ಟಿಗೂ ಹತ್ತುತ್ತದೆ.

ಮೊದಲ ಕೆಲಸ ಒಣಗಿಸುವುದು. ಹಸಿ ಬೂಷ್ಟು ಒರೆಸಿದರೆ ಮಸಿಯ ಹಾಗೆ ಹರಡುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಎರಡು ಮುಷ್ಟಿ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆಗೆ ಎರಡು ವಾರ ಇಡಿ. ಅಂಗಳದಲ್ಲಿ ಅಡಕೆ ಒಣಗಲು ಹಾಕಿದಲ್ಲೇ ಕ್ಯಾಸೆಟ್ಟನ್ನೂ ಹಾಕಿದವರನ್ನು ನೋಡಿದ್ದೇನೆ. ಬಿಸಿಲಿಗೆ ಪೆಟ್ಟಿಗೆ ಸೊಟ್ಟಗಾಯಿತು, ಟೇಪು ಅಲೆ ಅಲೆಯಾಯಿತು. ಒಲೆಯ ಮೇಲಿನ ಅಟ್ಟವೂ ಬೇಡ. ಅಕ್ಕಿ ಡಬ್ಬವೂ ಬೇಡ, ಅಕ್ಕಿಯ ಹುಡಿ ಒಳಗೆ ಹೋಗುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ, ನಮ್ಮಲ್ಲಿ ಆಗ ಒಗೆದ ಪಂಚೆಯೇ ಒಣಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಒಣಗಿದ ಮೇಲೆ ಜಗಲಿಗೋ ಅಂಗಳಕ್ಕೋ ಬನ್ನಿ. ಮಲಗುವ ಕೋಣೆಯಲ್ಲಿ ತೆರೆಯಬೇಡಿ. ಎನ್-95 ಮಾಸ್ಕ್ ಮತ್ತು ಕೈಗವಸು ಹಾಕಿ. ದಮ್ಮು ಇರುವವರು ಹತ್ತಿರ ಬರಬಾರದು. ಈ ಮಾತು ಹೇಳಿದರೆ ಎಲ್ಲರೂ ನಗುತ್ತಾರೆ. ನಾನೂ ಮೊದಲು ನಕ್ಕಿದ್ದೆ, ಆಮೇಲೆ ನಾಲ್ಕು ದಿನ ಕೆಮ್ಮಿದೆ.

ಬಿಳಿ ಬಟ್ಟೆ ಹಾಸಿದ ಹರಿವಾಣದಲ್ಲಿ ಕ್ಯಾಸೆಟ್ಟನ್ನು ಕವುಚಿ ಇಡಿ. ಕೆಳಗೆ ಐದು ಸ್ಕ್ರೂಗಳಿವೆ, ತೆಗೆಯಿರಿ. ಎರಡೂ ಅರ್ಧಗಳನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಮಗುಚಿ, ಆಮೇಲೆ ಮೇಲಿನ ಅರ್ಧವನ್ನು ನಿಧಾನಕ್ಕೆ ಎತ್ತಿ. ಎತ್ತಿದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಇದನ್ನು ಬಿಟ್ಟವರು ಪುನಃ ಜೋಡಿಸುವಾಗ ಟೇಪು ಯಾವ ಕಂಬದ ಆಚೆಯಿಂದ ಹೋಗಬೇಕು ಎಂದು ತಲೆ ಕೆರೆದುಕೊಳ್ಳುತ್ತಾರೆ. ಚಕ್ರ ತಿರುಗದಂತೆ ಹಿಡಿಯುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳು, ಅವುಗಳ ಸ್ಪ್ರಿಂಗು ಕಾಣುತ್ತವೆ. ಅವು ಹಾರುತ್ತವೆ. ನನ್ನದೊಂದು ಹಾರಿ ತುಳಸಿಕಟ್ಟೆಯ ಬುಡಕ್ಕೆ ಹೋಗಿತ್ತು. ತೆಗೆದು ಬಟ್ಟಲಿನಲ್ಲಿ ಹಾಕಿಡಿ.

ಮೊದಲು ಸುತ್ತಿದ ಟೇಪಿನ ಬದಿಯನ್ನು ಮೆತ್ತಗಿನ ಒಣ ಬ್ರಶ್ಶಿನಿಂದ ಮಧ್ಯದಿಂದ ಹೊರಕ್ಕೆ ಒರೆಸಿ. ಆಮೇಲೆ ನಿಜವಾದ ಕೆಲಸ. ಕನ್ನಡಕ ಒರೆಸುವ ನಯದ ಬಟ್ಟೆಯನ್ನು ಮಡಚಿ, ಎರಡು ಚಕ್ರಗಳ ನಡುವೆ ಹಾದುಹೋಗುವ ಟೇಪನ್ನು ಅದರಲ್ಲಿ ಹಗುರವಾಗಿ ಹಿಡಿದುಕೊಳ್ಳಿ. ಹಾಲು ಕರೆಯುವ ಹಿಡಿತ ಅಲ್ಲ, ಮಗುವಿನ ಬೆರಳು ಹಿಡಿದ ಹಾಗೆ. ಇನ್ನೊಂದು ಕೈಯಲ್ಲಿ ಖಾಲಿ ಚಕ್ರವನ್ನು ತಿರುಗಿಸುತ್ತಾ ಹೋಗಿ. ಇ-180ರಲ್ಲಿ 250 ಮೀಟರಿಗೂ ಜಾಸ್ತಿ ಟೇಪು ಇರುತ್ತದೆ. ಹೌದು, ಕೈ ನೋಯುತ್ತದೆ. ಒಂದು ತಾಳಮದ್ದಳೆ ಹಾಕಿಕೊಂಡು ಕೂತರೆ ಪ್ರಸಂಗ ಮುಗಿಯುವಷ್ಟರಲ್ಲಿ ಟೇಪೂ ಮುಗಿಯುತ್ತದೆ. ಬಟ್ಟೆಯ ಜಾಗವನ್ನು ಆಗಾಗ ಬದಲಿಸಿ, ಇಲ್ಲದಿದ್ದರೆ ತೆಗೆದ ಬೂಷ್ಟನ್ನೇ ಪುನಃ ಬಳಿಯುತ್ತೀರಿ.

ಒಣ ಬಟ್ಟೆಗೆ ಬಿಡದ ಕಡೆ ಮಾತ್ರ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಬಟ್ಟೆ ಬಳಸಿ. ಹಿಂಡಿದರೆ ಹನಿ ಬೀಳಬಾರದು. ಆ ಜಾಗ ಆರಿದ ಮೇಲೆಯೇ ಚಕ್ರಕ್ಕೆ ಸುತ್ತಿ. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಆಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ, ಟೇಪು ಜಿಡ್ಡಾಗುತ್ತದೆ. ಸೀಮೆಎಣ್ಣೆ, ಡೆಟಾಲ್, ತೆಂಗಿನೆಣ್ಣೆ ಹಚ್ಚಿದ ಮಹಾನುಭಾವರೂ ಇದ್ದಾರೆ. ಅವರ ಕ್ಯಾಸೆಟ್ಟುಗಳನ್ನು ನಾನು ಮುಟ್ಟುವುದಿಲ್ಲ.

ಟೇಪು ತುಂಡಾಗಿದ್ದರೆ, ಜೋಡಿಸಲೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪಿನಿಂದ ಹಿಂಬದಿಯಲ್ಲಿ, ಅಂದರೆ ಚಕ್ರದ ಕಡೆ ಮುಖ ಮಾಡಿದ ಬದಿಯಲ್ಲಿ ಜೋಡಿಸಿ. ಸೆಲ್ಲೋಟೇಪಿನ ಗೋಂದು ಜಾರಿ ಹೆಡ್ಡಿಗೆ ಮೆತ್ತುತ್ತದೆ. ಮುದುಡಿದ ಟೇಪಿಗೆ ಇಸ್ತ್ರಿ ಹಾಕುವ ಯೋಚನೆಯನ್ನು ಅಲ್ಲಿಗೇ ಬಿಡಿ.

ಹಳೇ ಪೆಟ್ಟಿಗೆಯಲ್ಲಿ ಬೂಷ್ಟು ಉಳಿದಿರುತ್ತದೆ. ಗುಜರಿಯ ಸಿನಿಮಾ ಕ್ಯಾಸೆಟ್ ಒಂದನ್ನು ಬಿಚ್ಚಿ, ನಿಮ್ಮ ಚಕ್ರಗಳನ್ನು ಅದರ ಪೆಟ್ಟಿಗೆಗೆ ವರ್ಗಾಯಿಸಿ. ಬೆನ್ನಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಕಿವಿ ಇನ್ನೂ ಇದ್ದರೆ ಮುರಿಯಿರಿ. ಅದು ಮುರಿದಿದ್ದರೆ ಯಾರೂ ಮೇಲಿಂದ ರೆಕಾರ್ಡ್ ಮಾಡಲಾರರು.

ಯಂತ್ರ

ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪೆನಿ, ಜಪಾನಿನ ಫುನಾಯ್, 2016ರಲ್ಲಿ ನಿಲ್ಲಿಸಿಬಿಟ್ಟಿತು. ಹಾಗಾಗಿ ಸಿಗುವುದೆಲ್ಲ ಹಳೆಯದೇ. ಎತ್ತಿದರೆ ಭಾರ ಇರುವ, ತೊಂಬತ್ತರ ದಶಕದ ಯಂತ್ರವನ್ನೇ ಹುಡುಕಿ. ಕೊನೆಕೊನೆಗೆ ಬಂದ ಹಗುರದವು ನನಗೆ ಸೇರುವುದಿಲ್ಲ. ತಂದ ಕೂಡಲೇ ಅತ್ತೆಯ ಕ್ಯಾಸೆಟ್ ಹಾಕಬೇಡಿ, ಹೋದರೂ ಪರವಾಗಿಲ್ಲ ಎನ್ನುವ ಒಂದು ಕ್ಯಾಸೆಟ್ಟನ್ನು ಪೂರ್ತಿ ಮುಂದೆ ಓಡಿಸಿ, ಹಿಂದೆ ತಂದು, ಹೊರಗೆ ಬರುತ್ತದಾ ನೋಡಿ.

ಹೆಡ್ ಒರೆಸುವಾಗ ಪ್ಲಗ್ ತೆಗೆದಿರಬೇಕು. ಬಿಳಿ ಕಾಗದದ ಪಟ್ಟಿಯನ್ನು ಆಲ್ಕೋಹಾಲಿನಲ್ಲಿ ತೋಯಿಸಿ ಡ್ರಮ್ಮಿಗೆ ತಾಗಿಸಿ ಹಿಡಿಯಿರಿ. ಕಾಗದ ಅಲುಗಬಾರದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಇಯರ್‌ಬಡ್ ಬೇಡ, ಹತ್ತಿ ಸಿಕ್ಕಿಕೊಳ್ಳುತ್ತದೆ.

ಕಂಪ್ಯೂಟರಿಗೆ ಇಳಿಸುವುದು

ಹಳದಿ ಪಿನ್ನು ಚಿತ್ರಕ್ಕೆ, ಕೆಂಪು ಬಿಳಿ ಸದ್ದಿಗೆ. ಎಸ್-ವಿಡಿಯೋ ಕಿಂಡಿ ಇದ್ದರೆ ಹಳದಿ ಬಿಟ್ಟು ಅದನ್ನೇ ಬಳಸಿ. ಮಧ್ಯೆ ಒಂದು ಕ್ಯಾಪ್ಚರ್ ಕಾರ್ಡ್, ಅಂದರೆ ಟೇಪಿನ ಸಿಗ್ನಲನ್ನು ಕಂಪ್ಯೂಟರಿನ ಫೈಲಾಗಿಸುವ ಸಾಧನ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಡಾಂಗಲ್ ನಾನೂ ತಂದಿದ್ದೆ. ವಿಎಚ್‌ಎಸ್‌ನ ಸಿಗ್ನಲ್ ಯಾವಾಗಲೂ ಸ್ವಲ್ಪ ತೂರಾಡುತ್ತದೆ. ಅಗ್ಗದ ಕಾರ್ಡ್ ತೂರಾಡಿದ ಫ್ರೇಮುಗಳನ್ನು ಬಿಟ್ಟುಬಿಡುತ್ತದೆ, ಸದ್ದು ಮಾತ್ರ ಪೂರ್ತಿ ಬರುತ್ತದೆ. ಎರಡು ಗಂಟೆ ಆಗುವಷ್ಟರಲ್ಲಿ ಪುರೋಹಿತರ ಬಾಯಿಗೂ ಮಂತ್ರಕ್ಕೂ ಸಂಬಂಧವೇ ಇರುವುದಿಲ್ಲ. ಈ ತೂರಾಟ ಸರಿಮಾಡಲು ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ ಇದೆ, ಆದರೆ ದುಬಾರಿ. ಬಡವರ ದಾರಿ: ಹಳೇ ಡಿವಿಡಿ ರೆಕಾರ್ಡರ್ ಒಂದನ್ನು ಮಧ್ಯೆ ಇಟ್ಟು ಸಿಗ್ನಲನ್ನು ಅದರ ಮೂಲಕ ಹಾಯಿಸಿ. ಹಲವು ಮಾದರಿಗಳು ಚಿತ್ರವನ್ನು ನೆಟ್ಟಗೆ ಮಾಡಿ ಕೊಡುತ್ತವೆ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಬೆಂಕಿಪೊಟ್ಟಣದಂಥ ಪೆಟ್ಟಿಗೆಗಳನ್ನು ತರಬೇಡಿ. ಅವು ಚಿತ್ರವನ್ನು ಎಳೆದು, ವೇಗ ಬದಲಿಸಿ, ಎಚ್‌ಡಿ ಎಂದು ಹೆಸರಿಡುತ್ತವೆ ಅಷ್ಟೆ.

ಸಾಫ್ಟ್‌ವೇರ್ ವರ್ಚುವಲ್‌ಡಬ್ ಸಾಕು, ಉಚಿತ. 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ (ಪ್ರತಿ ಚಿತ್ರವನ್ನು ಗೆರೆ ಬಿಟ್ಟು ಗೆರೆ, ಎರಡು ಅರ್ಧವಾಗಿ ತೋರಿಸುವ ರೀತಿ) ಹಾಗೇ ಇರಲಿ. ಹಫ್‌ವೈಯುವಿಯಂಥ, ಏನೂ ಕಳೆಯದ ಕೊಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಆರಿಸಿ. ಗಂಟೆಗೆ 30 ಜಿಬಿ ಆಸುಪಾಸು ಆಗುತ್ತದೆ. ಅದೇ ನಿಮ್ಮ ಮೂಲಪ್ರತಿ. ಮನೆಯವರಿಗೆ ಹಂಚಲು ಅದರಿಂದ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿ. ಆ ಅರ್ಧಗಳನ್ನು ಪೂರ್ತಿ ಚಿತ್ರವಾಗಿಸುವ ಡಿಇಂಟರ್‌ಲೇಸ್‌ನಲ್ಲಿ ಬಾಬ್ ಆರಿಸಿದರೆ ಸೆಕೆಂಡಿಗೆ 50 ಫ್ರೇಮ್ ಬರುತ್ತದೆ, ಚಲನೆ ಟಿವಿಯಲ್ಲಿ ಕಂಡಷ್ಟೇ ನಯ. ಚಿತ್ರದ ಆಕಾರ 4:3 ಇರಲಿ. ಹೊಸ ಟಿವಿಯ ಉದ್ದಗಲಕ್ಕೆ ಎಳೆದರೆ ಮದುಮಗಳು ದಪ್ಪಗಾಗುತ್ತಾಳೆ, ಆಮೇಲೆ ಬೈಗುಳ ನಿಮಗೇ. ತಳದಲ್ಲಿ ಒಂದು ಗೆರೆ ನಡುಗುವುದು ಕಂಡರೆ ಹೆದರಬೇಡಿ, ವಿಎಚ್‌ಎಸ್‌ನಲ್ಲಿ ಅದು ಸಹಜ.

ಸಂಜೆ ಗುಡುಗು ಶುರುವಾಗುವ ತಿಂಗಳುಗಳಲ್ಲಿ ಬೆಳಿಗ್ಗೆಯೇ ಮುಗಿಸಿ, ಪ್ಲಗ್ಗು ಎಳೆದಿಡಿ. ನಮ್ಮ ಕಡೆಯ ಸಿಡಿಲಿಗೆ ಒಂದು ಲ್ಯಾಪ್‌ಟಾಪ್ ಕಳೆದುಕೊಂಡವನ ಮಾತು ಇದು.

ಅಂಗಡಿಗೆ ಕೊಡುವುದಾದರೆ ಫೈಲನ್ನೇ ಕೇಳಿ, ಡಿವಿಡಿ ಬೇಡ. ಪೇಟೆಯ ಒಂದು ಅಂಗಡಿಯಲ್ಲಿ ನನಗೆ ಮೂರು ಗಂಟೆಯ ಮದುವೆಯನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ತುರುಕಿ ಕೊಟ್ಟಿದ್ದರು. ಮುಖಗಳೆಲ್ಲ ಚೌಕ ಚೌಕ.

ಉಳಿಸಿಡಲು ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಬೇರೆ ಮನೆಗಳಲ್ಲಿ. ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ್ದನ್ನು ಪ್ರತಿ ಎಂದು ಲೆಕ್ಕ ಹಾಕಬೇಡಿ. ಕ್ಯಾಸೆಟ್ ಬಿಸಾಡಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ನೆಂಟರ ಮನೆಯಲ್ಲಿ ಅದೇ ಮದುವೆಯ ಇನ್ನೊಂದು ಪ್ರತಿ ಇದೆಯಾ ಎಂದೂ ವಿಚಾರಿಸಿ. ಗಂಡಿನ ಕಡೆಗೆ ಒಂದು, ಹೆಣ್ಣಿನ ಕಡೆಗೆ ಒಂದು ಕೊಡುತ್ತಿದ್ದರು. ಕಡಿಮೆ ಸಲ ಹಾಕಿ ನೋಡಿದ್ದು ಚೆನ್ನಾಗಿರುತ್ತದೆ.

ಕೊನೆಯದಾಗಿ, ಪರದೆಯ ಮೇಲೆ ಹೂವಿನ ಚಿತ್ರದೊಂದಿಗೆ 'ಶುಭಂ' ಬಂತೆಂದು ರೆಕಾರ್ಡಿಂಗ್ ನಿಲ್ಲಿಸಬೇಡಿ. ಟೇಪು ತುದಿ ಮುಟ್ಟುವವರೆಗೆ ಓಡಲಿ. ಆಗಿನ ಸ್ಟುಡಿಯೋದವರು ಒಮ್ಮೆ ಬಳಸಿದ ಟೇಪಿನ ಮೇಲೆಯೇ ಮದುವೆ ಹಾಕಿಕೊಡುವುದೂ ಇತ್ತು, ಮದುವೆ ಮುಗಿದ ಮೇಲೆ ಅಡಿಯಲ್ಲಿದ್ದದ್ದು ಹಾಗೇ ಉಳಿದಿರುತ್ತದೆ. ಅತ್ತೆಯ ಕ್ಯಾಸೆಟ್ಟಿನಲ್ಲಿ ದಿಬ್ಬಣದ ಭಾಗ ಮುದುಡಿ ಹೋಗಿತ್ತು. ಅಲ್ಲಿ ಬರೀ ಗೆರೆಗಳು, ಅತ್ತೆಯ ಅಪ್ಪ, ಅಂದರೆ ನಮ್ಮ ಅಜ್ಜ, ಕಾಣಲಿಲ್ಲ. ಶುಭಂ ಆದ ಮೇಲೆ ಇಪ್ಪತ್ತು ನಿಮಿಷ ಖಾಲಿ ಓಡಿತು. ಆಮೇಲೆ ಒಮ್ಮೆಲೇ ಜಗಲಿ. ಮದುವೆಯ ಹಿಂದಿನ ದಿನ ಕ್ಯಾಮರಾ ಪರೀಕ್ಷೆ ಮಾಡಿದ್ದಿರಬೇಕು. ಅಜ್ಜ ಕಾಲು ಚಾಚಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ತಲೆ ಎತ್ತಿ ಸೀದಾ ನಮ್ಮನ್ನೇ ನೋಡಿ ಗದರಿದರು: "ಆ ಲೈಟು ನಂದಿಸು ಮಾರಾಯಾ, ಕಣ್ಣು ಹೋಗ್ತದೆ."