ವಿಮೆ ಕಡ್ಡಾಯವೇ? ಅಮೆರಿಕದಲ್ಲಿ ಮುಗಿಯದ ಜಗಳ, ನಿಮ್ಮ ತೆರಿಗೆ ಅರ್ಜಿಯ ಒಂದು ಚೌಕ

"ನಾವು ಇಲ್ಲಿನ ಪ್ರಜೆಗಳೇ ಅಲ್ಲ, ಆ ಕಾನೂನು ನಮಗೇಕೆ?" ಅಮೆರಿಕಕ್ಕೆ ಹೊಸದಾಗಿ ಬಂದವರು ಆರೋಗ್ಯ ವಿಮೆಯ ವಿಷಯ ಬಂದಾಗ ಹೀಗೆ ಕೈ ಕೊಡವಿಬಿಡುತ್ತಾರೆ. ವಿಮೆಯನ್ನು ಕಡ್ಡಾಯ ಮಾಡಿರುವ ರಾಜ್ಯಗಳು ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ, ನೀವು ಎಲ್ಲಿ ವಾಸವಾಗಿದ್ದೀರಿ ಎಂಬುದನ್ನು. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಹೂಡಿದ್ದರೆ ನೀವು ಅಲ್ಲಿನ ನಿವಾಸಿ. ತೆರಿಗೆಯ ಜೊತೆಗೆ ವಿಮೆಯ ಲೆಕ್ಕವನ್ನೂ ಒಪ್ಪಿಸಬೇಕು.

"ಆ ಕಡ್ಡಾಯವನ್ನು ಟ್ರಂಪ್ ತೆಗೆದುಹಾಕಿದರಲ್ಲ?" ಎನ್ನುವವರೂ ಇದ್ದಾರೆ. ಅದು ಅರ್ಧ ಸತ್ಯ. ಉಳಿದರ್ಧ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಬಾಮ 2010ರ ಮಾರ್ಚ್ 23ರಂದು ಸಹಿ ಹಾಕಿದ ಆರೋಗ್ಯ ಕಾಯ್ದೆ ವಿಮಾ ಕಂಪನಿಗಳಿಗೆ ಒಂದು ಕಟ್ಟು ಹಾಕಿತು: ಮೊದಲೇ ಕಾಯಿಲೆ ಇದೆ ಎಂದು ಯಾರನ್ನೂ ತಿರಸ್ಕರಿಸುವಂತಿಲ್ಲ, ಹೆಚ್ಚು ಹಣ ಕೇಳುವಂತೆಯೂ ಇಲ್ಲ. ಜನರಿಗೆ ಇದು ಇಷ್ಟವಾಯಿತು. ಆದರೆ ಕಾಯಿಲೆ ಬಿದ್ದ ಮೇಲೆಯೂ ವಿಮೆ ಸಿಗುವುದಾದರೆ ಗಟ್ಟಿಮುಟ್ಟಾಗಿರುವವನು ಮೊದಲೇ ಏಕೆ ಕೊಳ್ಳಬೇಕು? ಮೊದಲ ತಿಂಗಳೇ ಚೀಟಿ ಎತ್ತಬೇಕು ಎನ್ನುವವರಷ್ಟೇ ಸೇರಿದ ಚೀಟಿ ವ್ಯವಹಾರ ಎಷ್ಟು ದಿನ ನಡೆದೀತು? ನ್ಯೂಯಾರ್ಕ್ ರಾಜ್ಯ 1993ರಲ್ಲಿ ಇಂಥದ್ದೇ ನಿಯಮವನ್ನು ಕಡ್ಡಾಯವಿಲ್ಲದೆ ತಂದು ಕೈ ಸುಟ್ಟುಕೊಂಡಿತ್ತು. ಸ್ವಂತವಾಗಿ ಕೊಳ್ಳುವ ವಿಮೆಯ ಕಂತು ಏರುತ್ತಲೇ ಹೋಗಿ, ಆರೋಗ್ಯವಂತರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಆದ್ದರಿಂದಲೇ 2014ರಿಂದ ಎಲ್ಲರೂ ವಿಮೆ ಹೊಂದಿರಬೇಕು, ಇಲ್ಲವೇ ದಂಡ ತೆರಬೇಕು ಎಂದಾಯಿತು. 2016ರ ಹೊತ್ತಿಗೆ ಆ ದಂಡ ವಯಸ್ಕರೊಬ್ಬರಿಗೆ 695 ಡಾಲರ್ ಅಥವಾ ಕುಟುಂಬದ ಆದಾಯದ ಶೇ 2.5, ಯಾವುದು ಹೆಚ್ಚೋ ಅದು.

ಇದನ್ನು 'ಒಬಾಮಕೇರ್' ಎಂದು ಹಳಿದ ರಿಪಬ್ಲಿಕನ್ನರ ಪಾಳಯದಲ್ಲೇ ಈ ಕಲ್ಪನೆ ಬೆಳೆದದ್ದು ಎಂಬುದು ತಮಾಷೆಯ ಸಂಗತಿ. ಬಲಪಂಥೀಯ ಚಿಂತನಾಕೂಟ ಹೆರಿಟೇಜ್ ಫೌಂಡೇಷನ್ 1989ರಲ್ಲೇ ಇದನ್ನು ಮುಂದಿಟ್ಟಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ 2006ರಲ್ಲಿ ಜಾರಿಗೆ ತಂದವರು ರಿಪಬ್ಲಿಕನ್ ಗವರ್ನರ್ ಮಿಟ್ ರೋಮ್ನಿ. ಇತ್ತ 2008ರ ಚುನಾವಣೆಗೆ ಮುನ್ನ ಡೆಮಾಕ್ರಟಿಕ್ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಹಿಲರಿ ಕ್ಲಿಂಟನ್ ಕಡ್ಡಾಯ ಬೇಕು ಎಂದಾಗ ಬೇಡ ಎಂದವರು ಇದೇ ಒಬಾಮ! ರಾಜಕಾರಣಿಗಳು ಕುರ್ಚಿಗೆ ತಕ್ಕಂತೆ ಮಾತು ಬದಲಿಸುವುದು ನಮಗೇನೂ ಹೊಸದಲ್ಲ.

ವಿರೋಧಿಗಳ ವಾದವನ್ನು ಮಾತ್ರ ಹಗುರವಾಗಿ ಕಾಣಬಾರದು. ತೆರಿಗೆ ಹಾಕುವುದು ಬೇರೆ, ಖಾಸಗಿ ಕಂಪನಿಯ ಸರಕನ್ನು ಕೊಂಡೇ ತೀರು ಎಂದು ಸರ್ಕಾರ ಹೇಳುವುದು ಬೇರೆ. ಸುಪ್ರೀಂ ಕೋರ್ಟಿನ ವಿಚಾರಣೆಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಬ್ರೊಕೊಲಿ ಎಂಬ ತರಕಾರಿಯನ್ನೇ ಎಳೆದು ತಂದರು: ಊಟ ಎಲ್ಲರಿಗೂ ಬೇಕು, ಹಾಗೆಂದು ಬ್ರೊಕೊಲಿ ಕೊಳ್ಳಲು ಆಜ್ಞೆ ಮಾಡಬಹುದೇ? 2012ರ ಜೂನ್ 28ರಂದು ಬಂದ 5-4ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ನಡುದಾರಿ ಹಿಡಿದರು. ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರದ ಹೆಸರಿನಲ್ಲಿ ಕೊಳ್ಳಿರಿ ಎನ್ನುವಂತಿಲ್ಲ, ಆದರೆ ಕೊಳ್ಳದವರಿಗೆ ತೆರಿಗೆ ಹಾಕಬಹುದು, ಈ ದಂಡ ಅಂಥ ತೆರಿಗೆಯೇ ಎಂದರು. ತೀರ್ಪಿನ ಮೊದಲ ಪುಟಗಳನ್ನಷ್ಟೇ ಓದಿದ ಎರಡು ದೊಡ್ಡ ಟಿವಿ ವಾಹಿನಿಗಳು 'ಕಡ್ಡಾಯ ರದ್ದು' ಎಂದು ಘೋಷಿಸಿ ನಗೆಪಾಟಲಾದವು.

ತೆರಿಗೆ ಎಂದ ಮೇಲೆ ಅದನ್ನು ಇಳಿಸಲೂ ಬಹುದಲ್ಲ! ಟ್ರಂಪ್ ಸಹಿ ಹಾಕಿದ 2017ರ ತೆರಿಗೆ ಕಾಯ್ದೆ 2019ರಿಂದ ದಂಡವನ್ನು ಸೊನ್ನೆ ಡಾಲರ್‌ಗೆ ಇಳಿಸಿತು. ಹೀಗಾಗಿ ಒಕ್ಕೂಟದ ಶಾಸನದಲ್ಲಿ ಕಡ್ಡಾಯದ ಸಾಲು ಹಾಗೆಯೇ ಇದೆ, ಹಲ್ಲು ಮಾತ್ರ ಇಲ್ಲ. ದಂಡ ಹೋದರೂ ಮಾರುಕಟ್ಟೆ ಕುಸಿಯಲಿಲ್ಲ. ಜನರನ್ನು ಹಿಡಿದಿಟ್ಟದ್ದು ದಂಡದ ಭಯಕ್ಕಿಂತ ಕಂತಿಗೆ ಸರ್ಕಾರದಿಂದ ಸಿಗುವ ಸಹಾಯಧನ ಎಂದು ನನಗನ್ನಿಸುತ್ತದೆ. ಜಗಳವೂ ಈಗ ಅತ್ತಲೇ ಸರಿದಿದೆ. 2025ರ ಅಕ್ಟೋಬರ್‌ನಲ್ಲಿ ಶುರುವಾಗಿ 43 ದಿನ ಸರ್ಕಾರಿ ಕಚೇರಿಗಳನ್ನು ಮುಚ್ಚಿಸಿದ್ದು ಆ ಸಹಾಯಧನದ ಪ್ರಶ್ನೆಯೇ. ಅದೇ ವರ್ಷದ ಇನ್ನೊಂದು ಕಾಯ್ದೆಯ ಪ್ರಕಾರ, ಎಚ್-1ಬಿ, ವಿದ್ಯಾರ್ಥಿಗಳ ಎಫ್-1ರಂಥ ವೀಸಾದಲ್ಲಿರುವವರಿಗೆ 2027ರಿಂದ ಈ ಸಹಾಯಧನ ಸಿಗುವುದಿಲ್ಲ. ಕೆಲಸ ಮಾಡುವ ಕಂಪನಿಯ ವಿಮೆ ಇದ್ದವರಿಗೆ ಇದು ತಟ್ಟದು. ಸ್ವಂತವಾಗಿ ಕೊಳ್ಳುವವರು ಈಗಲೇ ಲೆಕ್ಕ ಹಾಕಿಕೊಳ್ಳಿ.

ಇನ್ನು ತಮ್ಮದೇ ಕಾನೂನಿನಿಂದ ದಂಡ ಹಾಕುವ ಜಾಗಗಳು: ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ವಾಷಿಂಗ್ಟನ್ ಡಿ.ಸಿ., ಕ್ಯಾಲಿಫೋರ್ನಿಯಾ, ರೋಡ್ ಐಲೆಂಡ್. ವರ್ಮಾಂಟ್‌ನಲ್ಲಿ ಕಡ್ಡಾಯವಿದ್ದರೂ ದಂಡವಿಲ್ಲ. ನ್ಯೂಜೆರ್ಸಿಯ ಎಡಿಸನ್, ಕ್ಯಾಲಿಫೋರ್ನಿಯಾದ ಸನಿವೇಲ್, ಮ್ಯಾಸಚೂಸೆಟ್ಸ್‌ನ ಬಾಸ್ಟನ್ ಸುತ್ತಮುತ್ತ ಕನ್ನಡ ಮಾತು ಎಷ್ಟು ಕಿವಿಗೆ ಬೀಳುತ್ತದೆ ಎಂದು ನೆನೆದರೆ, ನಮ್ಮವರಲ್ಲಿ ಬಹಳಷ್ಟು ಜನ ಈ ನಿಯಮದೊಳಗೆ ಬರುತ್ತಾರೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲದೆ ನೆಮ್ಮದಿಯಾಗಿದ್ದವರು ನ್ಯೂಜೆರ್ಸಿಗೆ ಬದಲಾದಾಗ ಇದರ ಪರಿವೆಯೇ ಇರುವುದಿಲ್ಲ.

ಕ್ಯಾಲಿಫೋರ್ನಿಯಾದ ತೆರಿಗೆ ಅರ್ಜಿಯಲ್ಲಿ ಒಂದು ಪುಟ್ಟ ಚೌಕವಿದೆ: ಮನೆಯವರೆಲ್ಲರಿಗೂ ವರ್ಷಪೂರ್ತಿ ವಿಮೆ ಇತ್ತೇ? ಕಣ್ಣು ಮುಚ್ಚಿ ಗುರುತು ಹಾಕಬೇಡಿ. ಗಂಡನಿಗೆ ಕಂಪನಿಯ ವಿಮೆ ಇದೆ, ಕಂತು ಜಾಸ್ತಿ ಎಂದು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಹೆಂಡತಿಯನ್ನು ಸೇರಿಸಿಲ್ಲ ಎಂದರೆ ಉತ್ತರ 'ಇಲ್ಲ' ಎಂದೇ. ಊರಿನಲ್ಲಿ ಮಾಡಿಸಿದ ಮೆಡಿಕ್ಲೈಮ್, ಪ್ರವಾಸಿ ವಿಮೆ ಇಲ್ಲಿ ಲೆಕ್ಕಕ್ಕಿಲ್ಲ. ಮೂರು ತಿಂಗಳವರೆಗಿನ ಖಾಲಿ ಅವಧಿಗೆ ಕ್ಯಾಲಿಫೋರ್ನಿಯಾದಲ್ಲಿ ವಿನಾಯಿತಿ ಇದೆ. ನ್ಯೂಜೆರ್ಸಿಯಲ್ಲಿ ಅವಧಿ ಮೂರು ತಿಂಗಳಿಗಿಂತ ಕಡಿಮೆ ಇರಬೇಕು. ಕಂಪನಿ ಕೊಡುವ 1095-ಸಿ ಅಥವಾ ವಿಮಾ ಸಂಸ್ಥೆ ಕೊಡುವ 1095-ಬಿ ನಮೂನೆಯನ್ನು ಎಸೆಯದೆ ಇಟ್ಟುಕೊಳ್ಳಿ. ಮ್ಯಾಸಚೂಸೆಟ್ಸ್‌ನ ತೆರಿಗೆ ಅರ್ಜಿಗೆ ಬೇಕಾದದ್ದು 1099-ಎಚ್‌ಸಿ ಎಂಬ ನಮೂನೆ.

ಕೆಲಸ ಹೋದಾಗ ವೀಸಾದ ಚಿಂತೆಯಲ್ಲಿ ವಿಮೆ ಮರೆತೇ ಹೋಗುತ್ತದೆ. ವಿಮೆ ನಿಂತ ದಿನದಿಂದ 60 ದಿನಗಳೊಳಗೆ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಹೊಸದನ್ನು ಕೊಳ್ಳಬಹುದು. ಹಳೆಯ ಕಂಪನಿಯ ವಿಮೆಯನ್ನೇ ಮುಂದುವರಿಸುವ 'ಕೋಬ್ರಾ' ಎಂಬ ದಾರಿಯೂ ಇದೆ. ಅದಕ್ಕೆ ಕಂಪನಿಯ ಪಾಲನ್ನೂ ಸೇರಿಸಿ ಪೂರ್ತಿ ಕಂತು, ಮೇಲೆ ಶೇ 2 ನಿರ್ವಹಣಾ ವೆಚ್ಚ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಮೊತ್ತ ನೋಡಿ ಎದೆ ಧಸಕ್ಕೆನ್ನುವುದು ಸಹಜ. ಆದರೆ ಕೋಬ್ರಾ ಆಯ್ದುಕೊಳ್ಳಲು ಕನಿಷ್ಠ 60 ದಿನ ಕಾಲಾವಕಾಶವಿರುತ್ತದೆ. ಹಿಂದಿನ ಕಂತುಗಳನ್ನೂ ಕಟ್ಟಿದರೆ ವಿಮೆ ನಿಂತ ದಿನದಿಂದಲೇ ಅನ್ವಯವಾಗುತ್ತದೆ. ಅಷ್ಟರೊಳಗೆ ಹೊಸ ಕೆಲಸ ಸಿಕ್ಕರೆ ಕಟ್ಟುವ ಪ್ರಮೇಯವೇ ಬಾರದು. ನಡುವೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಆಗ ಕಟ್ಟಿ. ಕೊನೆಯ ದಿನಾಂಕವನ್ನು ಮಾತ್ರ ಅವರು ಕಳಿಸುವ ಪತ್ರದಲ್ಲಿ ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.