ನಿಮ್ಮ ಕಾಫಿ ಒಣಗಿಸುವ ಕಣ ಬಾಹ್ಯಾಕಾಶದಿಂದ ಕಾಣುತ್ತದಾ? ಲೆಕ್ಕ ಹಾಕಿ ನೋಡಿ

ಚೀನಾದ ಮಹಾಗೋಡೆ ಚಂದ್ರನಿಂದಲೂ ಕಾಣುತ್ತದೆ ಎಂದು ಹೇಳುವವರು ಈಗಲೂ ಇದ್ದಾರೆ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಚೀನಾದ ಯಾಂಗ್ ಲಿವೇ, ಗೋಡೆ ತಮಗೆ ಕಾಣಲಿಲ್ಲ ಎಂದೇ ಹೇಳಿದರು. ಹಾಗಾದರೆ ಏನು ಕಾಣುತ್ತದೆ? ಕೊಡಗಿನಲ್ಲೇ ಕೂತು ಕಂಡುಹಿಡಿಯಬಹುದು. ಒಂದು ಕ್ಯಾಲ್ಕುಲೇಟರ್, ಒಂದು ಲ್ಯಾಪ್‌ಟಾಪ್ ಸಾಕು.

ಮೊದಲು ಎಲ್ಲಿಂದ ನೋಡುವುದು ಎಂದು ತೀರ್ಮಾನಿಸಿ. ಸುಮಾರು 100 ಕಿ.ಮೀ. ಮೇಲೆ ಹೋದರೆ ಬಾಹ್ಯಾಕಾಶ ಶುರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಚಂದ್ರ ಸುಮಾರು 3,84,000 ಕಿ.ಮೀ. ದೂರ. ಅಲ್ಲಿಂದ ಬರಿಗಣ್ಣಿಗೆ ನಾವು ಕಟ್ಟಿದ್ದು ಒಂದೂ ಕಾಣದು.

ಇನ್ನು ಲೆಕ್ಕ. ಒಳ್ಳೆಯ ಕಣ್ಣು ಒಂದು ವಸ್ತುವನ್ನು ಅದರ ಅಗಲದ ಸುಮಾರು 3,400 ಪಟ್ಟು ದೂರದವರೆಗೆ ಗುರುತಿಸುತ್ತದೆ. ಅನುಮಾನವಿದ್ದರೆ ಗೋಡೆ ಮೇಲೆ ಒಂದು ಮಿಲಿಮೀಟರ್ ಚುಕ್ಕಿ ಇಟ್ಟು ಮೂರೂವರೆ ಮೀಟರ್ ಹಿಂದೆ ಸರಿದು ನೋಡಿ. ಚೀನಾದ ಗೋಡೆ 8 ಮೀಟರ್ ಅಗಲ ಎಂದುಕೊಂಡರೂ 27 ಕಿ.ಮೀ.ಗೇ ಮುಗಿಯಿತು. ಉದ್ದ ಎಷ್ಟಿದ್ದರೇನು, ಅಗಲ ಬೇಕಲ್ವಾ! ಈಗ 30 ಮೀಟರ್ ಅಗಲದ ಕಾಫಿ ಕಣ ತೆಗೆದುಕೊಳ್ಳಿ: 102 ಕಿ.ಮೀ. ಬಾಹ್ಯಾಕಾಶದ ಹೊಸ್ತಿಲು ದಾಟಿತು! ಆದರೆ ನಿಲ್ದಾಣದಿಂದ ಕಾಣಬೇಕಾದರೆ ಸುಮಾರು 120 ಮೀಟರ್ ಅಗಲ ಬೇಕು.

ಅಗಲ ಒಂದೇ ಸಾಲದು, ಸುತ್ತಲಿನದಕ್ಕಿಂತ ಬಣ್ಣವೂ ಬೇರೆ ಇರಬೇಕು. ಬಣ್ಣ ಎದ್ದು ಕಂಡರೆ ಸಣಕಲು ರಸ್ತೆಯೂ ಲೆಕ್ಕ ಮೀರಿ ಗೆರೆಯಾಗಿ ಕಾಣುತ್ತದೆ, ಮರುಭೂಮಿಯ ಹೆದ್ದಾರಿಗಳ ಹಾಗೆ. ಚೀನಾದ ಗೋಡೆಗೆ ಬಹುಪಾಲು ಮಣ್ಣಿನದೇ ಬಣ್ಣ. ಸ್ಪೇನ್‌ನ ಅಲ್ಮೇರಿಯಾದಲ್ಲಿ ಸಾವಿರಾರು ಹೆಕ್ಟೇರ್ ತರಕಾರಿಗೆ ಪ್ಲಾಸ್ಟಿಕ್ ಹೊದಿಸಿದ್ದಾರೆ. ಅದು ಬೆಳ್ಳಗೆ ಎದ್ದು ಕಾಣುತ್ತದೆ. ನಮ್ಮಲ್ಲಿ ತಮಾಷೆ ನೋಡಿ. ಕೊಡಗಿನಲ್ಲಿ ಮನುಷ್ಯ ಮಾಡಿದ್ದರಲ್ಲಿ ಕಾಫಿ ತೋಟದಷ್ಟು ಜಾಗ ಹಿಡಿದದ್ದು ಬೇರೆ ಇಲ್ಲ. ಆದರೆ ನೆರಳಿನ ಮರಗಳ ಕೆಳಗಿರುವುದರಿಂದ ಮೇಲಿನಿಂದ ಅದು ಬರೀ ಕಾಡು! ತೋಟದ ನಡುವೆ ಹಾವಿನಂತೆ ಹರಿಯುವ ಗದ್ದೆಬಯಲು ಮಾತ್ರ, ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಮೇಲೆ, ಒಣಹುಲ್ಲಿನ ಬಣ್ಣದಲ್ಲಿ ಬೇರೆಯಾಗಿ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಅರ್ಥ್ ತೆರೆದು ಕುಶಾಲನಗರ ಹುಡುಕಿ. ಪರದೆಯ ಕೆಳಗೆ ಕ್ಯಾಮೆರಾದ ಎತ್ತರ ಬರುತ್ತದೆ. ಅದು 400 ಕಿ.ಮೀ. ಆಗುವವರೆಗೆ ಹಿಂದೆ ಸರಿಯಿರಿ. ಮಡಿಕೇರಿ ಕೋಟೆ, ರಾಜಾಸೀಟು ಎಲ್ಲ ಮಾಯ. ಹಾರಂಗಿ ಅಣೆಕಟ್ಟೆ ಸಿಗುವುದೂ ಕಷ್ಟ, ಅದು ತಡೆದ ನೀರಿನ ಕಪ್ಪು ಮಚ್ಚೆ ಸಿಗಬಹುದು. ಪೂರ್ವಕ್ಕೆ ಕೆಆರ್‌ಎಸ್ ಹಿನ್ನೀರನ್ನು ಹುಡುಕುವ ಕೆಲಸವೇ ಇಲ್ಲ. ಹತ್ತಿರ ಹೋದಾಗ ಅಂಗಳದ ಜೀಪು ಕಂಡಿತೆಂದು ಹಿಗ್ಗಬೇಡಿ. ಅದು ಕ್ಯಾಮೆರಾದ ಕಣ್ಣು, ಕೆಲವು ಕಡೆ ವಿಮಾನದಿಂದ ತೆಗೆದ ಚಿತ್ರವೂ ಇರುತ್ತದೆ.

ರಾತ್ರಿಯ ಲೆಕ್ಕವೇ ಬೇರೆ. ಕತ್ತಲಲ್ಲಿ ಬೆಳಕಿಗೆ ಅಗಲದ ಹಂಗಿಲ್ಲ. ನಿಲ್ದಾಣದಿಂದ ತೆಗೆದ ಚಿತ್ರಗಳಲ್ಲಿ ಭಾರತ–ಪಾಕಿಸ್ತಾನ ಗಡಿಯ ದೀಪಗಳು ಕಿತ್ತಳೆ ಗೆರೆಯಾಗಿ ಕಾಣುತ್ತವೆ.

ತಾರೀಕು ಹಾಕಿ ನೋಡುವ ಆಸೆಯಿದ್ದರೆ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ಉಚಿತ. ಅದರಲ್ಲಿ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿವೆ. ಒಂದು ಚುಕ್ಕಿ ಅಂದರೆ 10 ಮೀಟರ್. ನಿಮ್ಮ ಕಣ ಮೂರು ಚುಕ್ಕಿ ಅಗಲ ಬಂದೀತು. 2018ರ ಫೆಬ್ರವರಿ ಮತ್ತು 2019ರ ಫೆಬ್ರವರಿ ಚಿತ್ರ ಪಕ್ಕಪಕ್ಕ ಇಟ್ಟರೆ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದ ಗಾಯಗಳೂ ಕಾಣುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಾರೀಕು ಮಾತ್ರ ಹಾಕಬೇಡಿ. ಸುಮ್ನೆ ಮೋಡ ನೋಡುತ್ತಾ ಕೂರಬೇಕಾಗುತ್ತದೆ.