ಪಡಸಾಲೆಯ ಹೂವಿನ ನೆಲ ಉಳಿಸಿಕೊಂಡದ್ದು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿರುವ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ, ನೆಲದ ಒಂದು ಬಿಲ್ಲೆ (ಟೈಲ್) ಮಾತ್ರ ಮಂಕಾಗಿದೆ. ಕೈಯಾಡಿಸಿದರೆ ಪಾಲಿಶ್ ಪೇಪರಿನಂತೆ ತರಿತರಿ. ಅದು ನನ್ನದೇ ಕೆಲಸ.

ಮನೆ ಅಜ್ಜನ ಕಾಲದ್ದು, ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಿನದು. ಬಾಡಿಗೆಯವರು ಬಿಟ್ಟು ಹೋದ ಮೇಲೆ ಅವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಸನ್ನು ಕಿತ್ತೆವು. ಕೆಳಗೆ ಗೋಂದಿನ ಕಪ್ಪು ಪದರ, ಸುಣ್ಣಬಣ್ಣದ ಹನಿಗಳು, ಎಲ್ಲದರ ಮೇಲೆ ಅದಿರಿನ ಕೆಂಪು ಧೂಳು. ಅವುಗಳ ಸಂದಿಯಲ್ಲಿ ಎಂಟು ಎಸಳಿನ ಹೂವು. ನೆಂಟರೆಲ್ಲ ಒಂದೇ ಮಾತು ಹೇಳಿದರು: ‘ಕಿತ್ತು ಹಾಕಿ ವಿಟ್ರಿಫೈಡ್ ಹಾಕಿಸಿಬಿಡು.’ ನಾನು ಹಟಕ್ಕೆ ಬಿದ್ದು ಅಂಗಡಿಯಿಂದ ಆಸಿಡ್ ತಂದೆ. ಸುರಿದ ತಕ್ಷಣ ಬುಸ್ ಎಂದು ನೊರೆ ಬಂತು. ಕೊಳೆ ಬಿಡುತ್ತಿದೆ ಎಂದು ಹಿಗ್ಗಿದೆ. ಬಿಡುತ್ತಿದ್ದದ್ದು ನೆಲವೇ.

ಈ ಬಿಲ್ಲೆಗಳನ್ನು ಸುಟ್ಟು ಮಾಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಲೋಹದ ಅಚ್ಚಿನ ಒಂದೊಂದು ಖಾನೆಯೊಳಗೆ ಸಿಮೆಂಟ್, ಅಮೃತಶಿಲೆಯ ಪುಡಿ, ಬಣ್ಣ ಕಲಸಿದ ದ್ರವ ಸುರಿದು, ಅಚ್ಚು ಎತ್ತಿ, ಮೇಲೆ ಸಿಮೆಂಟ್ ಮತ್ತು ಮರಳಿನ ಒಣಮಿಶ್ರಣ ತುಂಬಿ, ಯಂತ್ರದಲ್ಲಿ ಒತ್ತಿ, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ. ಚಿತ್ರವಿರುವುದು ಮೇಲಿನ ಕೆಲವೇ ಮಿಲಿಮೀಟರಿನಲ್ಲಿ. ಆ ಪದರದಲ್ಲಿರುವುದು ಬಹುಪಾಲು ಸುಣ್ಣದ ಸಂತತಿ, ಆಸಿಡ್ ಅದನ್ನು ತಿನ್ನುತ್ತದೆ. ಮುಂಬೈಯ ಭಾರತ್ ಟೈಲ್ಸ್ 1922ರಿಂದ ಇಂಥವನ್ನು ಮಾಡುತ್ತಿದೆಯಲ್ಲ, ನಮ್ಮವೂ ಅಲ್ಲಿಯವೇ ಇರಬಹುದೆಂದು ಸಡಿಲವಾಗಿದ್ದ ಒಂದನ್ನು ತಿರುಗಿಸಿ ನೋಡಿದೆ. ಬೆನ್ನಿನ ಮೇಲಿನ ಕಂಪನಿಯ ಮುದ್ರೆ ಗಾರೆಯ ಕೆಳಗೆ ಸವೆದುಹೋಗಿತ್ತು.

ಮುಂದಿನ ಕೆಲಸವೆಲ್ಲ ಆಮೆಯ ನಡಿಗೆ. ಹೇರ್ ಡ್ರೈಯರ್‌ನಿಂದ ಗೋಂದು ಮೆತ್ತಗೆ ಮಾಡಿ, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದೆ. ಕಬ್ಬಿಣದ ಬ್ಲೇಡ್ ಮುಟ್ಟಲಿಲ್ಲ. ಪಾತ್ರೆ ತೊಳೆಯುವ ಮೃದು ಸೋಪಿನ ದ್ರವವನ್ನು ಬೆಚ್ಚನೆಯ ನೀರಿಗೆ ನಾಲ್ಕೈದು ಹನಿ ಹಾಕಿ, ಒಮ್ಮೆಗೆ ಎರಡೇ ಬಿಲ್ಲೆ, ನೈಲಾನ್ ಬ್ರಷ್‌ನಿಂದ ಉಜ್ಜಿ, ಕೊಳೆನೀರು ಒಣಗುವ ಮೊದಲೇ ಬಟ್ಟೆಯಿಂದ ಹೀರಿಸಿದೆ. ಕೊನೆಯ ಒರೆಸುವಿಕೆಗೆ ಬೋರ್ ನೀರು ಬಿಟ್ಟು ನಳದ ನೀರನ್ನೇ ಬಳಸಿದೆ. ನಮ್ಮ ಬೋರಿನದು ಒಣಗಿದಲ್ಲೆಲ್ಲ ಬಿಳಿ ಗೆರೆ ಬಿಡುವಷ್ಟು ಗಡಸು.

ದೇವರ ಕೋಣೆಯ ಹೊಸ್ತಿಲ ಬಳಿ ದೀಪದ ಎಣ್ಣೆ ವರ್ಷಾನುಗಟ್ಟಲೆ ಇಳಿದಿತ್ತು. ಮುಲ್ತಾನಿ ಮಿಟ್ಟಿಯನ್ನು ಅಸಿಟೋನಿನಲ್ಲಿ ಕಲಸಿ, ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪ್ ಅಂಟಿಸಿದೆ. ಅಸಿಟೋನ್ ಬೆಂಕಿಗೆ ಕಾಯುತ್ತಿರುವ ವಸ್ತು. ಆ ದಿನ ದೇವರಿಗೆ ದೀಪವಿಲ್ಲ ಎಂದಾಗ ಅತ್ತೆ ಮುಖ ಗಂಟಿಕ್ಕಿಕೊಂಡರು. ಮರುದಿನ ತೆಗೆದರೆ ಮಣ್ಣು ಎಣ್ಣೆ ಕುಡಿದು ಹಳದಿಯಾಗಿತ್ತು. ಮೂರು ಸಲ ಮಾಡಿದ ಮೇಲೆ ಕಲೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಅಷ್ಟಕ್ಕೇ ನಿಲ್ಲಿಸಿದೆ.

ಆಮೇಲೆ ಐದು ರೂಪಾಯಿಯ ನಾಣ್ಯ ಹಿಡಿದು ಇಡೀ ಪಡಸಾಲೆಯನ್ನು ತಟ್ಟಿದೆ. ಗಟ್ಟಿಯಾಗಿ ಕೂತದ್ದು ‘ಟಕ್’ ಎನ್ನುತ್ತದೆ, ಪೊಳ್ಳಾದದ್ದು ‘ಡಬ್’ ಎನ್ನುತ್ತದೆ. ಹನ್ನೊಂದಕ್ಕೆ ಸುಣ್ಣದ ಬೊಟ್ಟಿಟ್ಟೆ. ‘ಸಿಮೆಂಟ್ ಹಾಕಿದರೆ ಜನ್ಮದಲ್ಲಿ ಏಳುವುದಿಲ್ಲ ಸರ್’ ಎಂದರು ಗೌಂಡಿ. ನನಗೆ ಬೇಡವಾದದ್ದು ಅದೇ: ಮುಂದೊಂದು ದಿನ ಎತ್ತಬೇಕಾದರೆ ಬಿಲ್ಲೆ ಒಡೆಯದೆ ಏಳಬೇಕು. ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯಲ್ಲೇ ಕೂರಿಸಿದರು, ಗೊಣಗುತ್ತಲೇ. ಎರಡು ಒಡೆದಿದ್ದವು. ಉಗ್ರಾಣದಲ್ಲಿ ಬೀರುವಿನ ಕೆಳಗೆ ಬಿಸಿಲು, ಕಾಲು ಎರಡೂ ತಾಗದೆ ಉಳಿದಿದ್ದವನ್ನು ಎತ್ತಿ ಅಲ್ಲಿ ಹಾಕಿದೆವು.

ಕಾಪಾಡುವ ಲೇಪಕ್ಕಾಗಿ ಹೋದರೆ ಅಂಗಡಿಯಾತ ಕನ್ನಡಿಯಂತೆ ಹೊಳೆಯುವ ಲ್ಯಾಕರ್ ತೋರಿಸಿದ. ಹಳೆಯ ಮನೆಗಳ ನೆಲದಡಿ ತೇವ ತಡೆಯುವ ಹಾಳೆ ಇರುವುದಿಲ್ಲ. ತೇವ ಉಪ್ಪನ್ನು ಹೊತ್ತು ಮೇಲೇರುತ್ತದೆ. ಮೇಲೆ ಪೊರೆ ಕಟ್ಟಿದರೆ ಉಪ್ಪು ಅದರಡಿ ಸಿಕ್ಕಿಬಿದ್ದು, ಪೊರೆಯ ಜೊತೆ ಬಣ್ಣವನ್ನೂ ಎಬ್ಬಿಸುತ್ತದೆ. ಹಾಗಾಗಿ ಒಳಗೆ ಇಂಗುವ, ಆವಿಯನ್ನು ಹೊರಬಿಡುವ ಸೀಲರ್ ತಂದೆ. ಬಡಗಿ ಅಗಸೆ ಎಣ್ಣೆ ಸಾಕು ಎಂದಿದ್ದ. ಅದು ಬಣ್ಣವನ್ನು ಕಪ್ಪಾಗಿಸುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಿದರೆ ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು. ನಮ್ಮೂರಿನ ಬಿಸಿಲಿನಲ್ಲಿ ಆ ಸಾಹಸ ಬೇಡವೆನಿಸಿತು.

ತೊಳೆದ ಮೇಲೆ ಎರಡು ವಾರ ನೆಲವನ್ನು ಒಣಗಲು ಬಿಟ್ಟೆ. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಅಂಟಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಒಳಗೆ ಬೆವರು ಕಾಣದಿದ್ದಾಗಲೇ ಸೀಲರ್ ಡಬ್ಬ ತೆರೆದದ್ದು. ಮೊದಲು ಬಾಗಿಲ ಹಿಂದಿನ ಒಂದು ಬಿಲ್ಲೆಗೆ ಹಚ್ಚಿ ನೋಡಿದೆ. ಬೆಳಗಿನ ಆರು ಗಂಟೆಗೇ ಕೆಲಸ. ಹೊತ್ತೇರಿದರೆ ನೆಲ ಕಾದು, ದ್ರವ ಇಂಗುವ ಮೊದಲೇ ಮೇಲೆಯೇ ಒಣಗಿ ಕಲೆಗಟ್ಟುತ್ತದೆ. ಇಂಗದೆ ಉಳಿದದ್ದನ್ನು ಕೆಲವೇ ನಿಮಿಷದಲ್ಲಿ ಒರೆಸಿದೆ. ಎರಡನೆಯ ಕೈ ಹಚ್ಚಿದ ಮರುದಿನ ಚೆಲ್ಲಿದ ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತಿತು.

ಈಗ ಮನೆಯಲ್ಲಿ ನೆಲಕ್ಕೆ ನಿಂಬೆ, ವಿನೆಗರ್, ಟಾಯ್ಲೆಟ್ ಕ್ಲೀನರ್ ನಿಷಿದ್ಧ. ಒದ್ದೆ ಬಟ್ಟೆಗೆ ಮೊದಲು ಮೃದು ಪೊರಕೆ, ಇಲ್ಲದಿದ್ದರೆ ಅದಿರಿನ ಧೂಳೇ ನೆಲವನ್ನು ಉಜ್ಜುತ್ತದೆ. ಸಾರು ಚೆಲ್ಲಿದರೆ ಊಟ ಬಿಟ್ಟಾದರೂ ಒರೆಸಬೇಕು.

ಆ ಮಂಕು ಬಿಲ್ಲೆಯನ್ನೂ ಬದಲಿಸಬಹುದಿತ್ತು. ಬೀರುವಿನ ಕೆಳಗೆ ಇನ್ನೆರಡು ಒಳ್ಳೆಯವು ಇದ್ದವು. ಅತ್ತೆ ಬೇಡವೆಂದರು. ಮುಂದೆ ಯಾವುದಾದರೂ ನಿಜವಾಗಿ ಒಡೆದಾಗ ಅವು ಬೇಕಾಗುತ್ತವೆ ಎಂದು, ತಮ್ಮ ಕುರ್ಚಿಯನ್ನು ತಂದು ಅದರ ಮೇಲೆ ಹಾಕಿಕೊಂಡರು.